ಸೋರುವ ಡಬ್ಬಿ

ಬೊನಿಫಾಸ್ ಮಾಸ್ಟ್ರು ಮೀಟರು ಕೊಡಲಿಲ್ಲ.
ಇಪ್ಪತ್ತೆಂಟು ವರ್ಷ ಹಡಗಿನಲ್ಲಿ ರೇಡಿಯೋ ಆಫೀಸರಾಗಿದ್ದವರು,
ಕಪಾಟಿನ ಗಾಜಿನಾಚೆ ಮೂರು ಮೀಟರು, ಮೂರಕ್ಕೂ ಚರ್ಮದ ಚೀಲ.
"ಅಳೆಯುವುದನ್ನು ಕಡ ಕೊಡಬಾರದು ಮಾರಾಯ್ತಿ,
ಮಾಡಿಕೋ" ಎಂದರು. ಬಾಗಿಲು ಹಾಕಿದ್ದು ಮೆಲ್ಲಗೆ.
ಅದೇ ಹೆಚ್ಚು ಸಿಟ್ಟು ಬರಿಸಿದ್ದು.

ಮೋರ್ಗನ್ಸ್ ಗೇಟಿನ ಅಂಗಡಿಯಲ್ಲಿ ಹಗಲೆಲ್ಲ
ಸುಟ್ಟ ಪಂಪುಗಳ ಕರುಳು ಬಿಚ್ಚಿ ಹೊಸ ತಂತಿ ಸುತ್ತುವವಳು ನಾನು.
ಸುತ್ತು ಎಣಿಸುವುದು ಗೊತ್ತು.
ಆದರೆ ಏಳು ಮೆಗಾಹರ್ಟ್ಸು ಎಣಿಕೆಗೆ ನಿಲ್ಲುವ ಜಾತಿಯಲ್ಲ.
ಅಟ್ಟದ ಮೇಲೆ ನಾನೇ ಕಟ್ಟಿದ ಟ್ರಾನ್ಸ್‌ಮಿಟರು
ಉಸಿರಾಡುತ್ತದೋ ಇಲ್ಲವೋ,
ಮೂಗಿನ ಹತ್ತಿರ ಹಿಡಿಯಲು
ಹತ್ತಿಯ ಒಂದು ಎಳೆಯಾದರೂ ಬೇಕು.

ಬಂದರಿನಲ್ಲಿ ಇದಿನಬ್ಬರ ಗುಜರಿ.
ರೆಸಿಸ್ಟರುಗಳನ್ನು ಒಣಮೀನಿನ ತಕ್ಕಡಿಯಲ್ಲಿ ತೂಗುತ್ತಾರೆ.
ಕಂದು, ಕಪ್ಪು, ಕೆಂಪು. ಕಂದು, ಕಪ್ಪು, ಕೆಂಪು.
ಗೋಣಿಯ ಮೇಲೆ ಕೂತು ಆರಿಸಿದೆ
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ,
ಇಲ್ಲ, ಕಲ್ಲಿನಲ್ಲಿ ಅಕ್ಕಿ ಆರಿಸಿದಂತೆ.
ಒಂದೊಂದಕ್ಕೆ ಸಾವಿರ ಓಮು; ಇಪ್ಪತ್ತನ್ನು
ಹೆಗಲಿಗೆ ಹೆಗಲು ಕೊಟ್ಟು ನಿಲ್ಲಿಸಿದರೆ ಬರೀ ಐವತ್ತು.
ಜನ ಹೆಚ್ಚಿದಷ್ಟೂ ತಡೆ ಕಡಿಮೆ ಎಂದು ವಿವರಿಸಿದೆ.
"ನಮ್ಮ ಬಸ್ಸಿನಲ್ಲಿ ಉಲ್ಟಾ" ಎಂದರು ಇದಿನಬ್ಬ.

ಕಾಫಿಪುಡಿಯ ಡಬ್ಬಿ. ಅದರೊಳಗೆ ಇಪ್ಪತ್ತೂ.
ಪುಸ್ತಕ ಹೇಳಿದ್ದು ಟ್ರಾನ್ಸ್‌ಫಾರ್ಮರ್ ಎಣ್ಣೆ;
ಮನೆಯಲ್ಲಿದ್ದದ್ದು ತೆಂಗಿನೆಣ್ಣೆ.
ಅಮ್ಮ ಆಚೆ ತಿರುಗಿದಾಗ ಅರ್ಧ ಲೀಟರು.
ಹಳೆಯ ಟೇಪ್ ರೆಕಾರ್ಡರಿನಿಂದ ಕಿತ್ತ ಮುಳ್ಳು,
ಜೀರಿಗೆಯಷ್ಟು ಒಂದು ಡಯೋಡು.

ಮುಳ್ಳಿಗೆ ಅಂಕಿ ಕಲಿಸಬೇಕಲ್ಲ.
ನೇತ್ರಾವತಿಯಲ್ಲಿ ರಾತ್ರಿ ಏಡಿ ಹಿಡಿಯುವ
ಮಹಾಕಾಳಿಪಡ್ಪಿನ ಹುಡುಗರಿಂದ
ಟಾರ್ಚಿನ ಶೆಲ್ಲು ಕಡ ತಂದೆ, ಇಪ್ಪತ್ತು.
ಅವರು ಕೊಟ್ಟರು.
ಒಂದರ ಬಾಲಕ್ಕೆ ಇನ್ನೊಂದರ ತಲೆ ಇಟ್ಟು
ನೆಲದಲ್ಲಿ ರೈಲು ಬಿಟ್ಟೆ: ಒಂದೂವರೆ, ಮೂರು, ನಾಲ್ಕೂವರೆ...
ಮುಳ್ಳು ನಿಂತಲ್ಲೆಲ್ಲ
ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಪೆನ್ಸಿಲ್ ಗೆರೆ.
ಗೆರೆಗಳು ಸಮದೂರದಲ್ಲಿಲ್ಲ. ಮೊದಲು ಒತ್ತೊತ್ತು,
ಆಮೇಲೆ ಕಾಲು ಚಾಚಿದವು.
ಶೆಲ್ಲುಗಳಲ್ಲಿ ಕೆಲವು ಮುದಿ; ಹಾಗಾಗಿ
ನನ್ನ ಒಂದು ವ್ಯಾಟಿನಲ್ಲಿ ಸ್ವಲ್ಪ ಏಡಿಯೂ ಇದೆ.

ರಾತ್ರಿ ಹನ್ನೊಂದು. ಆಂಟೆನಾ ಕಳಚಿ
ಡಬ್ಬಿಗೆ ಜೋಡಿಸಿದೆ. ಇದು ನುಂಗುವ ಡಬ್ಬಿ,
ಆಡಿದ್ದೆಲ್ಲ ಬಿಸಿಯಾಗಿ ಇಲ್ಲೇ ಉಳಿಯುತ್ತದೆ, ಆಚೆ ಹೋಗದು.
ಗುಂಡಿ ಒತ್ತಿದೆ. ಮುಳ್ಳು ಎದ್ದಿತು!
ಒಂದು, ಎರಡು, ಮೂರು ಎಂದೆ. ಮಾತು ಮುಗಿಯಿತು.
ಯಾರೂ ಕೇಳದ ಕಡೆ ಏನು ಹೇಳುವುದು?
ಬಾಯಿಗೆ ಬಂದವರು ಮಾಸ್ಟ್ರು.
ಜಿಪುಣ ಎಂದೆ. ಚೀಲದೊಳಗೇ ಮೀಟರಿಗೆ ಬೂಸ್ಟು ಹಿಡಿಯಲಿ ಎಂದೆ.
ಹಡಗೇ ಇಲ್ಲದ ಆಫೀಸರು ಎಂದೆ.
ಪ್ರತಿ ಬೈಗುಳಕ್ಕೂ ಮುಳ್ಳು ಎಂಟರ ತನಕ ನೆಗೆದು
ಹೌದು, ಹೌದು ಎಂದಿತು.
ಡಬ್ಬಿ ಬೆಚ್ಚಗಾಯಿತು. ಕೋಣೆಯಿಡೀ
ತಲೆಗೆ ಮೀಯುವ ದಿನದ ವಾಸನೆ.

ಬೆಳಿಗ್ಗೆ ಅಂಗಡಿಯ ಮುಂದೆ ಮಾಸ್ಟ್ರು, ಕಂಕುಳಲ್ಲಿ ಕೊಡೆ.
"ವಾರಿಜಾ, ನಿನ್ನ ಡಬ್ಬಿ ಸೋರುತ್ತದೆ.
ಮೂರು ಓಣಿ ದಾಟಿ ಬಂತು. ಸಣ್ಣಗೆ, ಆದರೆ ಶುದ್ಧ.
'ಜಿಪುಣ' ಸ್ಪಷ್ಟ. 'ಆಫೀಸರು' ಎನ್ನುವಾಗ ಒಡೆಯಿತು,
ಮೈಕಿನಿಂದ ಬಾಯಿ ಒಂದು ಗೇಣು ದೂರ ಇರಲಿ."
ಲಾಗ್ ಪುಸ್ತಕ ತೆರೆದು ತೋರಿಸಿದರು:
ಸಮಯ, ಬಲ, ನನ್ನ ಹೆಸರು.
ವಿಷಯದ ಮನೆ ಖಾಲಿ.
ಮೀಟರು ಈಗಲೂ ಕೊಡಲಿಲ್ಲ.
ನಾನು ಕೇಳಲೂ ಇಲ್ಲ.

ಮುಚ್ಚಳದ ಸುತ್ತ ಬೆಸುಗೆ ಹಾಕುತ್ತಿದ್ದೇನೆ.
ಪೂರ್ತಿ ಮುಚ್ಚಬಾರದಂತೆ, ಕಾದ ಎಣ್ಣೆ ಹಿಗ್ಗುತ್ತದೆ;
ಸೂಜಿಮೊನೆಯಷ್ಟು ಒಂದು ತೂತು ಬಿಡಬೇಕು.
ಬಿಟ್ಟಿದ್ದೇನೆ.
ಅಡುಗೆಮನೆಯಿಂದ ಅಮ್ಮ ಕೇಳುತ್ತಿದ್ದಾಳೆ,
ಬಾಟ್ಲಿಯ ಎಣ್ಣೆ ಎಲ್ಲಿ ಹೋಯಿತು?